ಸ್ಕ್ರಿಪ್ಟ್ ಇಲ್ಲದೆ ವೇದಿಕೆಗೆ: ಕನ್ನಡದಲ್ಲಿ ಇಂಪ್ರಾವ್ ಹಾಸ್ಯ ಆಡುವವರಿಗೊಂದು ಸಮಗ್ರ ಮಾರ್ಗದರ್ಶಿ

“ಬಂದ್ಯಾ?”

ಇಷ್ಟೇ ಮಾತು. ವೇದಿಕೆಯ ಮೇಲೆ ಇಬ್ಬರು, ಒಂದು ಖಾಲಿ ಕುರ್ಚಿ, ಬೇರೇನೂ ಇಲ್ಲ. ಪ್ರೇಕ್ಷಕರಲ್ಲೊಬ್ಬರು ಕೊಟ್ಟ ಪದ ‘ಕೊಡೆ’. ಮೊದಲನೆಯವಳು ಬಾಗಿಲು ತೆಗೆದ ಹಾಗೆ ಕೈಮಾಡಿ “ಬಂದ್ಯಾ?” ಅಂದಳು. ಎರಡನೆಯವನು ಕೈಯಲ್ಲಿದ್ದ ಕಾಣದ ಕೊಡೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡು, “ಬಂದೆ ಅತ್ತೆ. ಇದು ನಿಮ್ಮದಲ್ಲ, ಆದ್ರೆ ನಿಮ್ಮದರ ಹಾಗೇ ಇದೆ” ಅಂದ. ಜನ ಜೋರಾಗಿ ನಕ್ಕರು.

ಅಲ್ಲಿ ಯಾರೂ ಜೋಕ್ ಹೇಳಲಿಲ್ಲ. ಆದರೂ ಎರಡೇ ಮಾತಿನಲ್ಲಿ ಒಂದು ಮನೆ, ಒಬ್ಬ ಸೋದರತ್ತೆ, ಎಲ್ಲೋ ಕಳೆದುಹೋದ ಅವಳ ಕೊಡೆ, ಅದನ್ನು ಮುಚ್ಚಿಡಲು ಒದ್ದಾಡುವ ಹುಡುಗ, ಎಲ್ಲ ಹುಟ್ಟಿಕೊಂಡವು. ಇಂಪ್ರಾವ್ ಅಂದರೆ ಇದು. ಸ್ಟ್ಯಾಂಡ್‌ಅಪ್‌ನಲ್ಲಿ ಒಬ್ಬರು ಬರೆದು, ತಿದ್ದಿ, ಹತ್ತಾರು ಸಲ ಹೇಳಿ ಹದಗೊಳಿಸಿದ ಮಾತಿರುತ್ತದೆ. ಇಲ್ಲಿ ಬರೆದದ್ದು ಏನೂ ಇಲ್ಲ, ಒಬ್ಬರೇ ಇರುವುದೂ ಅಪರೂಪ. ಹಾಗಾಗಿ “ನನಗೆ ಅಷ್ಟು ಚುರುಕಾಗಿ ಜೋಕ್ ಹೊಳೆಯಲ್ಲ” ಅಂತ ಹಿಂಜರಿಯುವವರಿಗೆ ನಾನು ಹೇಳುವುದು ಒಂದೇ: ಇಲ್ಲಿ ಬೇಕಾದದ್ದು ಚುರುಕು ನಾಲಿಗೆಗಿಂತ ಚುರುಕು ಕಿವಿ. ಎಂಟು ವರ್ಷದಿಂದ ಶನಿವಾರ ಸಂಜೆಗಳನ್ನು ಇದಕ್ಕೇ ಎತ್ತಿಟ್ಟಿದ್ದೇನೆ. ನಮ್ಮ ಗುಂಪಿನಲ್ಲಿ ಚೆನ್ನಾಗಿ ಬೆಳೆದವರೆಲ್ಲ ಕೇಳಿಸಿಕೊಳ್ಳುವುದನ್ನು ಕಲಿತವರೇ.

ಎಲ್ಲಿಂದ ಬಂತು, ನಮ್ಮಲ್ಲಿ ಏನಿತ್ತು

ಈಗ ನಾವು ಆಡುವ ಆಟಗಳ ಬೇರು ಹೆಚ್ಚಾಗಿ ಷಿಕಾಗೊದಲ್ಲಿದೆ. ವಯೋಲಾ ಸ್ಪೋಲಿನ್ ಎಂಬ ಶಿಕ್ಷಕಿ 1930ರ ದಶಕದ ಕೊನೆಗೆ ಅಲ್ಲಿ ವಲಸೆ ಕುಟುಂಬಗಳ ಮಕ್ಕಳಿಗೆ ನಾಟಕ ಕಲಿಸಲು ಹೊರಟಾಗ, ಉಪದೇಶಕ್ಕಿಂತ ಆಟ ಬೇಗ ತಲುಪುತ್ತದೆ ಎಂದು ಕಂಡುಕೊಂಡರು. ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ ಸೇರಿ 1955ರಲ್ಲಿ ಕಂಪಾಸ್ ಪ್ಲೇಯರ್ಸ್, 1959ರಲ್ಲಿ ಸೆಕೆಂಡ್ ಸಿಟಿ ಎಂಬ ಇಂಪ್ರಾವ್ ತಂಡಗಳನ್ನು ಕಟ್ಟಿದರು. ಇನ್ನೊಂದು ಕವಲು ಕೀತ್ ಜಾನ್‌ಸ್ಟನ್ ಎಂಬ ನಾಟಕ ನಿರ್ದೇಶಕರದ್ದು. ಅವರು ಲಂಡನ್ನಿನಲ್ಲಿ ಕೆಲಸ ಶುರುಮಾಡಿದಾಗ ನಾಟಕದ ಮಾತನ್ನೆಲ್ಲ ಮೊದಲೇ ಸರ್ಕಾರಿ ಅಧಿಕಾರಿಗೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕಿತ್ತು. ಆ ನಿಯಮ ಹೋದದ್ದು 1968ರಲ್ಲಿ. ಬರೆಯದೇ ಇರುವ ನಾಟಕವನ್ನು ಸಲ್ಲಿಸುವುದು ಹೇಗೆ? ಮುಂದೆ ಅವರು ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿ, 1977ರಲ್ಲಿ ಎರಡು ತಂಡ ಪಂದ್ಯದ ಹಾಗೆ ಆಡುವ ಥಿಯೇಟರ್‌ಸ್ಪೋರ್ಟ್ಸ್ ಶುರುಮಾಡಿದರು.

ನಮಗೆ ಆಶುಮಾತು ಹೊಸದೇನಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಭಾಗವತರ ಪದ ಮೊದಲೇ ಗೊತ್ತು, ಅರ್ಥಧಾರಿಯ ಮಾತು ಆ ರಾತ್ರಿಯದ್ದು. ಯಕ್ಷಗಾನದ ಹಾಸ್ಯಗಾರ, ಕೃಷ್ಣಪಾರಿಜಾತದಲ್ಲಿ ಭಾಗವತನ ಜೊತೆ ಮಾತಿಗೆ ಮಾತು ಬೆಳೆಸುವ ದೂತಿ, ಅವಧಾನದಲ್ಲಿ ಅಪ್ರಸ್ತುತ ಪ್ರಸಂಗದವರ ಕೀಟಲೆಗೆ ನಿಂತ ನಿಲುವಿನಲ್ಲೇ ಉತ್ತರ ಕೊಡುವ ಅವಧಾನಿ, ಎಲ್ಲರೂ ಈ ವಿದ್ಯೆಯವರೇ. ಮಾಸ್ಟರ್ ಹಿರಣ್ಣಯ್ಯನವರ ನಾಟಕಕ್ಕೆ ಜನ ಮತ್ತೆ ಮತ್ತೆ ಹೋಗುತ್ತಿದ್ದುದಕ್ಕೆ ಒಂದು ಕಾರಣ, ಆ ದಿನದ ರಾಜಕೀಯ ಆ ಸಂಜೆಯ ಮಾತಿನಲ್ಲೇ ಸೇರಿಬಿಡುತ್ತಿದ್ದುದು.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು, ತಾಳಮದ್ದಳೆ ಕೇಳಿ ಬೆಳೆದವರಂತೂ ವಿಶೇಷವಾಗಿ. ಅಲ್ಲಿ ವಾದವೇ ರುಚಿ. ಎದುರಿನವರ ಮಾತನ್ನು ಕತ್ತರಿಸಬಹುದು, ಯಾಕೆಂದರೆ ಕತೆಯನ್ನು ಪದ್ಯ ಹಿಡಿದುಕೊಂಡಿರುತ್ತದೆ. ಎಷ್ಟೇ ಜಗ್ಗಾಡಿದರೂ ವಾಲಿ ಬೀಳುವುದು ಬೀಳುವುದೇ. ಇಂಪ್ರಾವ್‌ನಲ್ಲಿ ಅಂಥ ಪದ್ಯ ಇಲ್ಲ. ಜೊತೆಗಾರ ಹೇಳಿದ ಮಾತೇ ಕಾಲಡಿಯ ನೆಲ. ಅದನ್ನು ಅಲ್ಲಗಳೆದರೆ ಇಬ್ಬರೂ ಬೀಳುತ್ತೀರಿ.

ಮೊದಲು ಜನ, ಆಮೇಲೆ ಜಾಗ

ಆರರಿಂದ ಎಂಟು ಜನ ಸಾಕು. ನಾಲ್ಕಕ್ಕಿಂತ ಕಡಿಮೆಯಾದರೆ ನೋಡುವವರೇ ಉಳಿಯುವುದಿಲ್ಲ, ಹತ್ತು ದಾಟಿದರೆ ಆಡುವ ಸರದಿ ಬರುವುದೇ ಇಲ್ಲ. ಎಲ್ಲರೂ ಒಂದೇ ಆಫೀಸಿನವರಾಗಿರದಿದ್ದರೆ ಒಳ್ಳೆಯದು. ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬಳು ನರ್ಸಿಂಗ್ ಓದುವವಳು. ಅವರಿಬ್ಬರು ಎದುರುಬದುರು ನಿಂತರೆ ಎರಡು ಲೋಕ ಒಟ್ಟಿಗೆ ವೇದಿಕೆಗೆ ಬಂದ ಹಾಗೆ.

ಜಾಗಕ್ಕೆ ತಾರಸಿಯಾದರೂ ಆಗುತ್ತದೆ, ಅಪಾರ್ಟ್‌ಮೆಂಟಿನ ಹಾಲ್ ಆದರೂ ಆಗುತ್ತದೆ. ವಾರಕ್ಕೊಂದು ದಿನ, ಎರಡು ಗಂಟೆ, ನಿಗದಿತ ಸಮಯ. ಸಮಯ ತಪ್ಪಿದ ಗುಂಪು ಮೂರನೇ ತಿಂಗಳಿಗೆ ಚದುರುವುದನ್ನು ಕಣ್ಣಾರೆ ಕಂಡಿದ್ದೇನೆ. ಪ್ರತಿ ವಾರ ಒಬ್ಬರು ಆಡದೆ ಹೊರಗೆ ಕೂತು ನೋಡುವವರಾಗಬೇಕು. ಎಲ್ಲಿ ಚೆನ್ನಾಯಿತು, ಎಲ್ಲಿ ಎಳೆ ತಪ್ಪಿತು ಎಂದು ಕೊನೆಗೆ ಹೇಳುವುದು ಅವರ ಕೆಲಸ. ಬೆಂಗಳೂರಿನಲ್ಲಿ ವಾರಾಂತ್ಯದ ಇಂಪ್ರಾವ್ ಕಾರ್ಯಾಗಾರಗಳು ನಡೆಯುತ್ತಿರುತ್ತವೆ, ಸಿಕ್ಕರೆ ಒಂದಕ್ಕೆ ಹೋಗಿಬನ್ನಿ. ಹೊರದೇಶದಲ್ಲಿರುವವರಿಗೆ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳೇ ಒಳ್ಳೆಯ ವೇದಿಕೆ. ಷಿಕಾಗೊ ಸುತ್ತಮುತ್ತ ಇರುವವರಿಗಂತೂ ಸೆಕೆಂಡ್ ಸಿಟಿಯ ತರಗತಿಗಳೇ ಕೈಗೆಟುಕುವ ದೂರದಲ್ಲಿವೆ.

ಮೈ ಮನಸ್ಸು ಬಿಚ್ಚುವ ಇಪ್ಪತ್ತು ನಿಮಿಷ

ಟ್ರಾಫಿಕ್ ದಾಟಿ ಬಂದವರನ್ನು ನೇರ ದೃಶ್ಯಕ್ಕೆ ತಳ್ಳಬೇಡಿ. ಮೊದಲು ವೃತ್ತದಲ್ಲಿ ನಿಂತು ಚಪ್ಪಾಳೆ ದಾಟಿಸಿ: ಪಕ್ಕದವರ ಕಣ್ಣು ನೋಡಿ, ಇಬ್ಬರೂ ಒಂದೇ ಕ್ಷಣಕ್ಕೆ ತಟ್ಟಬೇಕು. ಆಮೇಲೆ ಕಣ್ಣು ಮುಚ್ಚಿ ಗುಂಪಾಗಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿ. ಯಾರು ಯಾವಾಗ ಬೇಕಾದರೂ ಮುಂದಿನ ಸಂಖ್ಯೆ ಹೇಳಬಹುದು, ಇಬ್ಬರ ದನಿ ಒಟ್ಟಿಗೆ ಬಿದ್ದರೆ ಮತ್ತೆ ಒಂದರಿಂದ. ಮೊದಲ ವಾರ ಏಳೆಂಟು ದಾಟುವುದೇ ಕಷ್ಟ. ಎರಡು ತಿಂಗಳಿಗೆ ಇಪ್ಪತ್ತು ಮುಟ್ಟಿದ ದಿನ ಯಾರೂ ಏನೂ ಮಾತಾಡದೆ ಸುಮ್ಮನೆ ನಿಂತಿರುತ್ತೀರಿ, ಅಷ್ಟು ಚೆನ್ನಾಗಿರುತ್ತದೆ.

ಮೂರನೆಯದು ಒಬ್ಬೊಬ್ಬರು ಒಂದೊಂದೇ ಪದ ಹೇಳಿ ಕತೆ ಕಟ್ಟುವುದು. ಇಂಗ್ಲಿಷಿನಿಂದ ಬಂದ ಈ ಆಟ ಕನ್ನಡದಲ್ಲಿ ಬೇರೆಯೇ ರೂಪ ತಾಳುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ, ನಮ್ಮಲ್ಲಿ ಅದು ಕೊನೆಗೆ. “ಅಜ್ಜಿ – ಬೆಳಿಗ್ಗೆ – ಎದ್ದು – ಹಿತ್ತಲಿಗೆ – ಹೋಗಿ – ಹುಲಿಯನ್ನು –” ಇಲ್ಲಿಯವರೆಗೂ ಅಜ್ಜಿ ಏನು ಮಾಡಿದಳು ಎಂಬುದು ಗೊತ್ತಿಲ್ಲ. ‘ಬೈದಳು’ ಅನ್ನುವವರ ಕೈಯಲ್ಲಿ ಇಡೀ ವಾಕ್ಯ ಇದೆ. ಆ ಜವಾಬ್ದಾರಿಗೆ ಹೆದರಿ ಹೊಸಬರು ‘ಎದ್ದು, ಹೋಗಿ, ನೋಡಿ, ಬಂದು’ ಎಂದು ಎಳೆಯುತ್ತಲೇ ಇರುತ್ತಾರೆ. ಅದಕ್ಕೇ ನಾವೊಂದು ನಿಯಮ ಮಾಡಿಕೊಂಡೆವು: ಏಳು ಪದದೊಳಗೆ ವಾಕ್ಯ ಮುಗಿಯಬೇಕು. ಕ್ರಿಯಾಪದ ಯಾರ ಪಾಲಿಗೆ ಬಂತೋ ಅವರು ಧೈರ್ಯವಾಗಿ ಹೇಳಿಬಿಡಬೇಕು.

‘ಹೌದು, ಅದಕ್ಕೇ…’

ಎಲ್ಲ ಇಂಪ್ರಾವ್ ಶಾಲೆಗಳೂ ಕಲಿಸುವ ಮೊದಲ ಪಾಠ ಒಪ್ಪಿಕೊಂಡು ಬೆಳೆಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಯೆಸ್, ಆ್ಯಂಡ್’ ಅನ್ನುತ್ತಾರೆ. ಇದನ್ನು ‘ಹೌದು ಮತ್ತು’ ಎಂದು ಕನ್ನಡಕ್ಕೆ ತಂದವರು ಆಡುತ್ತಾ ತಡವರಿಸುತ್ತಾರೆ, ಯಾಕೆಂದರೆ ಮಾತಿನಲ್ಲಿ ನಾವು ‘ಮತ್ತು’ ಬಳಸುವುದೇ ಇಲ್ಲ. ನಮ್ಮ ಬಾಯಿಗೆ ಒಗ್ಗುವುದು ‘ಹೌದು, ಅದಕ್ಕೇ’. ಇದರಲ್ಲಿ ಇನ್ನೊಂದು ಲಾಭ ಇದೆ. ‘ಅದಕ್ಕೇ’ ಅಂದಕೂಡಲೇ ಹಿಂದಿನ ಮಾತು ಕಾರಣವಾಗುತ್ತದೆ, ನಿಮ್ಮದು ಅದರ ಫಲವಾಗುತ್ತದೆ, ಕತೆ ತಾನಾಗಿ ಹೆಣೆದುಕೊಳ್ಳುತ್ತದೆ.

ಇಬ್ಬರನ್ನು ನಿಲ್ಲಿಸಿ, ಪ್ರತಿ ಮಾತೂ ಹೀಗೇ ಶುರುವಾಗಲಿ ಎನ್ನಿ:

“ನಮ್ಮ ಬೀದಿಗೆ ಮತ್ತೆ ನೀರು ಬಂದಿಲ್ಲ.”
“ಹೌದು, ಅದಕ್ಕೇ ಮೇಲಿನ ಮನೆಯವರ ಗೃಹಪ್ರವೇಶಕ್ಕೆ ಬಕೆಟ್ ತಗೊಂಡು ಹೋಗೋಣ ಅಂತಿದ್ದೀನಿ.”
“ಹೌದು, ಅದಕ್ಕೇ ನಾನು ಉಡುಗೊರೆ ಪೇಪರ್‌ನಲ್ಲಿ ಬಕೆಟ್ ಸುತ್ತಿಟ್ಟಿದ್ದೀನಿ.”
“ಹೌದು, ಅದಕ್ಕೇ ವಾಪಸ್ ತರೋವಾಗ ಭಾರ ಯಾಕೆ ಅಂತ ಯಾರೂ ಕೇಳಲ್ಲ.”

ಒಂದು ತಿಂಗಳಾದ ಮೇಲೆ ಆ ಎರಡು ಪದಗಳನ್ನು ಬಾಯಿಂದ ಬಿಟ್ಟುಬಿಡಿ, ತಲೆಯಲ್ಲಿ ಉಳಿಯುತ್ತವೆ. ಇಲ್ಲಿ ಒಪ್ಪುವುದೆಂದರೆ ಪಾತ್ರ ಯಾವಾಗಲೂ ‘ಆಯ್ತು’ ಅನ್ನಬೇಕೆಂದಲ್ಲ. ಅತ್ತೆ “ಈ ಕೊಡೆ ನನ್ನದಲ್ಲ, ಹೊರಗೆ ಹೋಗು” ಎಂದು ಬೈಯಬಹುದು. ಕೊಡೆಯೇ ಇಲ್ಲ, ನಾನು ಅತ್ತೆಯೇ ಅಲ್ಲ ಎನ್ನಬಾರದು. ಪಾತ್ರ ಜಗಳವಾಡಲಿ, ಆಡುವವರು ಒಪ್ಪಿಕೊಂಡಿರಲಿ.

ಮೊದಲ ಮೂರು ಮಾತು: ಕನ್ನಡದ ವರ

ಯಾರು, ಎಲ್ಲಿ, ಏನು ನಡೆಯುತ್ತಿದೆ: ಮೊದಲ ಮೂರು ಮಾತಿನೊಳಗೆ ಈ ಮೂರೂ ಗೊತ್ತಾಗಬೇಕು. ನೋಡುವವರಿಗೆ ಗೊಂದಲವಿದ್ದರೆ ಅವರು ನಗುವುದಿಲ್ಲ, ಲೆಕ್ಕ ಹಾಕುತ್ತಾ ಕೂರುತ್ತಾರೆ.

ಕನ್ನಡದಲ್ಲಿ ಆಡುವವರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ, ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಜಾನ್‌ಸ್ಟನ್ ತಮ್ಮ ತರಗತಿಗಳಲ್ಲಿ ಬಹಳ ಒತ್ತು ಕೊಟ್ಟದ್ದು ಇಬ್ಬರ ನಡುವಿನ ಮೇಲು–ಕೀಳಿಗೆ: ಯಾರು ತಗ್ಗುತ್ತಾರೆ, ಯಾರು ಏರುತ್ತಾರೆ, ಅದು ಮಾತುಮಾತಿಗೂ ಹೇಗೆ ಅದಲುಬದಲಾಗುತ್ತದೆ. ಇಂಗ್ಲಿಷಿನವರು ಅದನ್ನು ದನಿಯಲ್ಲಿ, ನಿಲುವಿನಲ್ಲಿ ತೋರಿಸಬೇಕು. ನಮಗೆ ಅದು ಕ್ರಿಯಾಪದದ ಬಾಲದಲ್ಲೇ ಇದೆ. ಬಾ, ಬನ್ನಿ, ಬಾರೋ, ಬಾರೇ, ಬಾರಪ್ಪಾ, ಬರಬೇಕು ಬರಬೇಕು, ಬರೋಣವಾಗಲಿ: ಏಳರಲ್ಲಿ ಏಳು ಸಂಬಂಧ. ಆ ಕೊಡೆಯ ದೃಶ್ಯದಲ್ಲಿ ಅವಳು “ಬಂದ್ಯಾ?” ಬದಲು “ಬಂದ್ರಾ?” ಅಂದಿದ್ದರೆ ಎದುರಿದ್ದವನು ಸೋದರಳಿಯನಾಗುತ್ತಿರಲಿಲ್ಲ. ಅಳಿಯನೋ ಗಂಡನೋ ಮನೆ ಮಾಲೀಕನೋ ಆಗುತ್ತಿದ್ದ, ಮುಚ್ಚಿಟ್ಟ ಕೊಡೆಯ ಅರ್ಥವೂ ಬೇರೆಯಾಗುತ್ತಿತ್ತು.

ಇದನ್ನು ಹೀಗೆ ಅಭ್ಯಾಸ ಮಾಡಿ. ಇಬ್ಬರು ‘ನೀವು’ ಎಂದು ಶುರುಮಾಡಲಿ. ಎರಡು ನಿಮಿಷದೊಳಗೆ ಒಬ್ಬರು ‘ನೀನು’ಗೆ ಇಳಿಯಬೇಕು, ಇನ್ನೊಬ್ಬರು ‘ನೀವು’ನಲ್ಲೇ ಉಳಿಯಬೇಕು, ಆ ಬದಲಾವಣೆಗೆ ದೃಶ್ಯದಲ್ಲೇ ಕಾರಣ ಹುಟ್ಟಬೇಕು. ಒಮ್ಮೆ ಇದೇ ಅಭ್ಯಾಸದಲ್ಲಿ ಮ್ಯಾನೇಜರ್ ಆಗಿದ್ದವನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಸೆಕ್ಯುರಿಟಿಯವರಿಗೆ “ಏನ್ರಿ, ಬೇಗ ತೆಗೀರಿ” ಎಂದು ಶುರುಮಾಡಿದ. ಹೊರಗಿನಿಂದ ಮೆಲ್ಲಗೆ, “ಹೆದರ್ಬೇಡ ಮಗಾ, ನಾನಿದ್ದೀನಿ” ಎಂದು ಬಂತು. ತಾರಸಿಯಲ್ಲಿದ್ದ ನಾವೆಲ್ಲ ನಕ್ಕೆವು, ಒಬ್ಬಿಬ್ಬರ ಕಣ್ಣೂ ಒದ್ದೆಯಾಯಿತು.

ಇನ್ನೆರಡು ಮಾತು. ಪ್ರಶ್ನೆ ಕೇಳುತ್ತಾ ಹೋಗಬೇಡಿ. “ನೀವ್ಯಾರು? ಇದೇನು?” ಎಂದು ಕೇಳಿದರೆ ಕಲ್ಪನೆಯ ಭಾರವನ್ನೆಲ್ಲ ಜೊತೆಗಾರನ ತಲೆಗೆ ಹೊರಿಸಿದಂತೆ. ಜೊತೆಗೆ, ಅಪರಿಚಿತರ ದೃಶ್ಯಕ್ಕಿಂತ ಹಳೆಯ ಸಂಬಂಧದ ದೃಶ್ಯ ಬೇಗ ಕುದುರುತ್ತದೆ. ಭಾವ, ಚಿಕ್ಕಮ್ಮ, ಬೀಗರು, ಪಕ್ಕದ ಸೈಟಿನವರು: ನಮ್ಮ ಸಂಬಂಧವಾಚಕಗಳಲ್ಲಿ ಅರ್ಧ ಕತೆ ಆಗಲೇ ಇದೆ.

ಇಲ್ಲದ ವಸ್ತುವಿನ ತೂಕ

ಮೊದಲ ವರ್ಷದ ಒಂದು ಶೋ ನನಗೆ ಮರೆಯದು. ಪರದೆಯ ಹಿಂದೆ ನಿಂತಾಗಲೇ ನಾನು ಡಾಕ್ಟರ್ ಆಗಬೇಕೆಂದು ತೀರ್ಮಾನಿಸಿಬಿಟ್ಟಿದ್ದೆ. ಜೊತೆಗಾರ ಎರಡೂ ಕೈಯಲ್ಲಿ ಭಾರವಾದದ್ದೇನನ್ನೋ ಹೊತ್ತು, ಏದುಸಿರು ಬಿಡುತ್ತಾ ಬಂದ. ನಾನು ಅವನ ಕೈ ನೋಡಲೇ ಇಲ್ಲ. “ಕೂತ್ಕೊಳಿ, ಬಾಯಿ ತೆರೀರಿ” ಅಂದೆ. ಅವನು ಕೂತ, ಕೈ ಬಿಟ್ಟ. ಮುಂದಿನ ಸಾಲಿನ ಒಬ್ಬ ಹೆಂಗಸು ಪಕ್ಕದವರಿಗೆ “ಅಯ್ಯೋ, ಕೈಲಿದ್ದಿದ್ದು ಏನಾಯ್ತು?” ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಒಂದು ಮಾತು ನನಗೆ ಯಾವ ಕಾರ್ಯಾಗಾರವೂ ಕಲಿಸದ್ದನ್ನು ಕಲಿಸಿತು. ಜನ ಆ ಭಾರವನ್ನು ನಂಬಿದ್ದರು, ನಂಬದವನು ನಾನೊಬ್ಬನೇ.

ವಸ್ತುವನ್ನು ನಂಬಿಸಲು ಒಂದು ಅಭ್ಯಾಸ: ಈಳಿಗೆಮಣೆಯಲ್ಲಿ ತೆಂಗಿನಕಾಯಿ ತುರಿಯಿರಿ, ಮಾತಿಲ್ಲದೆ, ಮೂರು ನಿಮಿಷ. ಮೊದಲು ಮನೆಯಲ್ಲಿ ನಿಜವಾಗಿ ತುರಿದು ನೋಡಿ. ಮಣೆಯ ಮೇಲೆ ಎಲ್ಲಿ ಕೂರುತ್ತೀರಿ, ಮೊಣಕಾಲು ಎಷ್ಟು ಮಡಿಚುತ್ತದೆ, ಕಡಿಯನ್ನು ಹಿಡಿದ ಎರಡೂ ಅಂಗೈ ಹೇಗೆ ತಿರುಗುತ್ತವೆ, ಬಿಳಿ ಮುಗಿದು ಕಂದು ಸಿಪ್ಪೆ ಬರುವಾಗ ಕೈ ಹೇಗೆ ತಾನಾಗಿ ಹಗುರಾಗುತ್ತದೆ. ವೇದಿಕೆಯಲ್ಲಿ ಆ ಹಗುರಾಗುವಿಕೆ ತೋರಿಸಿದರೆ ಸಾಕು, ಹಿಂದಿನ ಸಾಲಿನ ಅಜ್ಜಿಗೂ ತುರಿ ಕಾಣುತ್ತದೆ. ಒಮ್ಮೆ ಮಣೆ ಇಟ್ಟ ಜಾಗದ ಮೇಲೆ ಇನ್ಯಾರೂ ನಡೆದುಕೊಂಡು ಹೋಗಬಾರದು. ದೃಶ್ಯದಲ್ಲಿ ಕೈಗೆ ಕೆಲಸವಿದ್ದರೆ ಮಾತೂ ಸಹಜವಾಗುತ್ತದೆ. ಮಾತಿಲ್ಲದ ಕ್ಷಣಕ್ಕೂ ಹೆದರಿಕೆ ಇರುವುದಿಲ್ಲ.

ದೃಶ್ಯದೊಳಗಿನ ಆಟ

ಎಲ್ಲ ಸಹಜವಾಗಿ ನಡೆಯುತ್ತಿರುವಾಗ ಒಂದು ವಿಚಿತ್ರ ಎದ್ದು ಕಾಣುತ್ತದೆ. ಹುಡುಗ ಅತ್ತೆಗೆ ‘ಅದರ ಹಾಗೇ ಇರುವ’ ಕೊಡೆ ತಂದಿದ್ದಾನೆ. ಇದೇ ಆಟ. ಹಾಗಾದರೆ ಅವನು ಇನ್ನೇನೇನು ಹೀಗೆ ಬದಲಾಯಿಸಿರಬಹುದು? ಚಪ್ಪಲಿ, ಆಮೇಲೆ ಬೆಕ್ಕು, ಕೊನೆಗೆ ಮಾವನ ಹಾಗೇ ಇರುವ ಇನ್ನೊಬ್ಬರು ಹಜಾರದಲ್ಲಿ ಪೇಪರ್ ಓದುತ್ತಿದ್ದಾರೆ. ಚಿಕ್ಕದರಿಂದ ದೊಡ್ಡದಕ್ಕೆ, ಒಂದೊಂದೇ ಮೆಟ್ಟಿಲು. ನೇರ ಮಾವನಿಗೆ ಹಾರಿದರೆ ಮೇಲೆ ಹೋಗಲು ಜಾಗವೇ ಇರುವುದಿಲ್ಲ. ಹೊಸಬರು ಎಡವುವುದು ಇಲ್ಲೇ: ಒಂದು ನಗು ಸಿಕ್ಕಿದ ಕೂಡಲೇ ಅದನ್ನು ಬಿಟ್ಟು ಬೇರೊಂದು ತಮಾಷೆ ಹುಡುಕಲು ಓಡುತ್ತಾರೆ. ಸಿಕ್ಕಿದ ಎಳೆ ಬಿಡಬೇಡಿ.

ದೃಶ್ಯ ಮುಗಿಸುವವರು ಹೊರಗೆ ನಿಂತ ಗೆಳೆಯರು. ದೊಡ್ಡ ನಗು ಬಂದಾಗ ಒಬ್ಬರು ವೇದಿಕೆಯ ಮುಂದೆ ಅಡ್ಡಲಾಗಿ ಓಡಿದರೆ ದೃಶ್ಯ ಕತ್ತರಿಸಿತು ಎಂದರ್ಥ. ಇನ್ನೂ ಸ್ವಲ್ಪ ಇರಲಿ ಅನ್ನಿಸುವಾಗಲೇ ಓಡಿ.

ಶುರುವಿಗೆ ಯಾವ ಆಟಗಳು

ಫ್ರೀಜ್: ಇಬ್ಬರು ಆಡುತ್ತಿರುವಾಗ ಹೊರಗಿನವರು ‘ಫ್ರೀಜ್’ ಎಂದು ಕೂಗಿ, ಒಬ್ಬರ ಜಾಗಕ್ಕೆ ಅದೇ ಭಂಗಿಯಲ್ಲಿ ಸೇರಿ ಹೊಸ ದೃಶ್ಯ ಶುರುಮಾಡುತ್ತಾರೆ. ಎಲ್ಲರಿಗೂ ಗೊತ್ತಿರುವ, ಎಲ್ಲೆಡೆ ನಡೆಯುವ ಆಟ.

ತರ್ಜುಮೆ: ಒಬ್ಬರು ಇಲ್ಲದ ಭಾಷೆಯೊಂದರಲ್ಲಿ ಭಾಷಣ ಮಾಡುತ್ತಾರೆ, ಇನ್ನೊಬ್ಬರು ಕನ್ನಡಕ್ಕೆ ತರುತ್ತಾರೆ. ಉದ್ದದ ಮಾತಿಗೆ ಒಂದೇ ಪದ, ಒಂದು ಪದಕ್ಕೆ ಉದ್ದದ ವಿವರಣೆ.

ವರ್ಣಮಾಲೆ ನನಗೆ ಅಚ್ಚುಮೆಚ್ಚು. ಪ್ರತಿ ಮಾತೂ ಮುಂದಿನ ಅಕ್ಷರದಿಂದ ಶುರುವಾಗಬೇಕು. ಇಂಗ್ಲಿಷಿನಲ್ಲಿ 26 ಅಕ್ಷರ, ಅರ್ಧಕ್ಕೇ ಆಟ ಬಳಲುತ್ತದೆ. ನಮ್ಮಲ್ಲಿ ಋ, ಅಂ, ಅಃ ಬಿಟ್ಟರೆ ‘ಅ’ದಿಂದ ‘ಔ’ವರೆಗೆ ಸರಿಯಾಗಿ 12 ಸ್ವರ, ಒಂದು ದೃಶ್ಯಕ್ಕೆ ಹೇಳಿ ಮಾಡಿಸಿದ ಅಳತೆ. ‘ಐ’ ಹತ್ತಿರ ಬರುವಾಗ ಜನ ಆಗಲೇ ಮುಂದಕ್ಕೆ ಬಾಗಿ ಕಾಯುತ್ತಿರುತ್ತಾರೆ: ‘ಐನೂರು’ ಅಂತಾನಾ, ‘ಐಸ್’ ಅಂತಾನಾ? ‘ಔ’ಗೆ ‘ಔಷಧಿ’ ಮಾತ್ರ ಹೇಳಬೇಡಿ, ಎಲ್ಲರೂ ಅದನ್ನೇ ಹೇಳುತ್ತಾರೆ.

ಇವು ಕುದುರಿದ ಮೇಲೆ ಉದ್ದದ ರೂಪಕ್ಕೆ ಹೋಗಿ. ‘ಹೆರಾಲ್ಡ್’ ಎಂಬುದು ಹೆಸರಾಂತ ರೂಪ: ಒಂದೇ ಪದದಿಂದ ಹುಟ್ಟಿದ ಮೂರು ದೃಶ್ಯಗಳು ಮೂರು ಸುತ್ತು ಬಂದು ಕೊನೆಗೆ ಒಂದಕ್ಕೊಂದು ಸೇರುತ್ತವೆ. ಅದಕ್ಕೆ ಅವಸರ ಬೇಡ. ಒಂದೇ ಪದದ ಸುತ್ತ ಬಿಡಿ ದೃಶ್ಯಗಳನ್ನು ಹದಿನೈದು ನಿಮಿಷ ಆಡುವ ಮೊಂಟಾಜ್ ಮೊದಲ ವರ್ಷಕ್ಕೆ ಸಾಕು.

ಯಾರನ್ನೂ ನೋಯಿಸದೆ

ಅಭ್ಯಾಸ ಶುರುವಾಗುವ ಮೊದಲೇ ಒಬ್ಬೊಬ್ಬರೂ ಹೇಳಿಬಿಡಲಿ: ಮೈ ಮುಟ್ಟುವುದರಲ್ಲಿ ಎಷ್ಟರವರೆಗೆ ಸರಿ, ಯಾವ ವಿಷಯ ಬೇಡ. ಕಾರಣ ಕೇಳಬಾರದು. ಯಾರಿಗಾದರೂ ಕಷ್ಟವಾದರೆ ‘ನಿಲ್ಲಿಸಿ’ ಎಂದರೆ ಆ ಕ್ಷಣಕ್ಕೇ ನಿಲ್ಲಬೇಕು, ಶೋ ನಡೆಯುತ್ತಿದ್ದರೂ.

ಭಾಷೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಧಾರವಾಡದ ಮಾತು, ಮಂಗಳೂರಿನ ಮಾತು, ಮಂಡ್ಯದ ಮಾತು ವೇದಿಕೆಗೆ ಬರಲೇಬೇಕು, ಆ ಊರಿನವರ ಬಾಯಲ್ಲೇ ಬರಬೇಕು. ಬೆಂಗಳೂರಿನವರು ಇನ್ನೊಂದು ಊರಿನ ರಾಗ ಎಳೆದು ಗಳಿಸಿದ ನಗು ಆ ಊರಿನವರಿಗೆ ಚುಚ್ಚುತ್ತದೆ. ನಮ್ಮ ಗುಂಪಿನ ರಾಯಚೂರಿನ ಗೆಳತಿ ತನ್ನ ಮಾತಿನಲ್ಲೇ ಜಿಲ್ಲಾಧಿಕಾರಿಯ ಪಾತ್ರ ಮಾಡುತ್ತಾಳೆ, ವಿಜ್ಞಾನಿಯ ಪಾತ್ರವನ್ನೂ ಮಾಡುತ್ತಾಳೆ. ಜಾತಿ, ಮೈಬಣ್ಣ, ಅಂಗವೈಕಲ್ಯ ಹಿಡಿದು ನಗಿಸುವ ದಾರಿಯನ್ನು ಮೊದಲ ದಿನವೇ ಮುಚ್ಚಿಬಿಡಿ.

ಮೊದಲ ಶೋ

ಆರು ತಿಂಗಳ ಅಭ್ಯಾಸದ ನಂತರ ಯೋಚಿಸಿ. ಮೂವತ್ತರಿಂದ ಐವತ್ತು ಜನ ಹಿಡಿಸುವ ಕೋಣೆ, ನಲವತ್ತು ನಿಮಿಷ: ಮೂರು ಚಿಕ್ಕ ಆಟ, ಒಂದು ಮೊಂಟಾಜ್. ಕುರ್ಚಿಗಳನ್ನು ಹತ್ತಿರ ಹತ್ತಿರ ಹಾಕಿ. ಬಿಡಿಬಿಡಿಯಾಗಿ ಕೂತ ಜನ ನಗಲು ಸಂಕೋಚ ಪಡುತ್ತಾರೆ. ಗುಂಪಿನ ಬಟ್ಟೆ ಸಾದಾ ಇರಲಿ, ಅಕ್ಷರ ಬರೆದ ಟೀ ಶರ್ಟ್ ಬೇಡ, ಅದು ಪ್ರತಿ ಪಾತ್ರದ ಮೇಲೂ ಅಂಟಿಕೊಂಡಿರುತ್ತದೆ.

ನಿರೂಪಕರು ಪದ ಕೇಳುವ ರೀತಿಯಲ್ಲೇ ಅರ್ಧ ಶೋ ಇದೆ. “ಯಾವುದಾದ್ರೂ ಒಂದು ಜಾಗ ಹೇಳಿ” ಅಂದರೆ ಹಿಂದಿನಿಂದ ‘ಟಾಯ್ಲೆಟ್’ ಎಂದೇ ಬರುತ್ತದೆ. “ನಿಮ್ಮ ಮನೆಯಲ್ಲಿ ಅಮ್ಮ ಬಿಸಾಡಲು ಬಿಡದ ವಸ್ತು ಯಾವುದು?” ಎಂದು ಕೇಳಿ ನೋಡಿ. ಒಡೆದ ಮಿಕ್ಸಿ ಜಾರ್, ಹಾರ್ಲಿಕ್ಸ್ ಬಾಟಲಿ, 2009ರ ಕ್ಯಾಲೆಂಡರ್: ಒಂದೊಂದರ ಹಿಂದೆಯೂ ಒಂದು ಮನೆ ಇದೆ. ಮೊದಲು ಕೇಳಿಸಿದ ಪದವನ್ನೇ ತೆಗೆದುಕೊಳ್ಳಿ, ಆರಿಸುತ್ತಾ ನಿಂತರೆ ಮೊದಲೇ ತಯಾರಾಗಿ ಬಂದಿದ್ದಾರೆ ಎಂಬ ಗುಮಾನಿ ಹುಟ್ಟುತ್ತದೆ. ಪ್ರೇಕ್ಷಕರನ್ನು ವೇದಿಕೆಗೆ ಕರೆದರೆ ಒಪ್ಪಿದವರನ್ನು ಮಾತ್ರ ಕರೆಯಿರಿ. ಅವರೇ ಆ ದೃಶ್ಯದ ಹೀರೋ ಆಗುವಂತೆ ನೋಡಿಕೊಳ್ಳಿ.

ಒಂದು ದೃಶ್ಯ ಬಿದ್ದುಹೋದರೆ ಕ್ಷಮೆ ಕೇಳಬೇಡಿ, ಮುಂದಿನದನ್ನು ಶುರುಮಾಡಿ. ದೀಪದ ಸ್ವಿಚ್ಚಿನ ಹತ್ತಿರ ನಿಮ್ಮ ಗುಂಪಿನಲ್ಲೇ ತಾಳ್ಮೆ ಹೆಚ್ಚಿರುವವರನ್ನು ನಿಲ್ಲಿಸಿ, ಅವರ ಕೆಲಸ ಆಡುವವರಷ್ಟೇ ದೊಡ್ಡದು. ಕೊನೆಯ ಐದು ನಿಮಿಷದಲ್ಲಿ ಮೊದಲ ದೃಶ್ಯದ ಒಂದು ಮಾತು ಮರಳಿ ಬಂದು ಇಡೀ ಕೋಣೆ ನಗುವ ಕ್ಷಣವನ್ನು ಅವರು ಕಾಯುತ್ತಿರಬೇಕು. ಆ ನಗು ಏರುತ್ತಿರುವಾಗಲೇ, ಇಳಿಯುವ ಮೊದಲು, ದೀಪ ಆರಿಸಬೇಕು.